ಹುಳದ ಫೋಟೊ ಹಾಕುವಾಗ ಗಿಡದ ಹೆಸರನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಹುಳದ ಫೋಟೊ ಬಂದಿತ್ತು. ಬೆರಳುದ್ದದ ಹಸಿರು ಹುಳ, ಕತ್ತಿನ ಹತ್ತಿರ ಎರಡು ದೊಡ್ಡ ನೀಲಿ ಕಣ್ಣು, ಬಾಲದ ತುದಿಯಲ್ಲಿ ಒಂದು ಪುಟ್ಟ ಕೊಂಬು. ‘ಹಾವಿನ ಮುಖದ ವಿಚಿತ್ರ ಹುಳು ಪತ್ತೆ, ಜನರಲ್ಲಿ ಆತಂಕ’ ಅಂತ ತಲೆಬರಹ. ಕೆಳಗೆ ಎರಡು ಸಾಲು. ಊರಿನವರು ಇಂಥದ್ದನ್ನು ಹಿಂದೆಂದೂ ನೋಡಿಲ್ಲವಂತೆ, ಕೊಂಬಿನಲ್ಲಿ ವಿಷ ಇರಬಹುದಂತೆ. ಯಾವ ಊರಿನಲ್ಲಿ ಸಿಕ್ಕಿತು ಅಂತ ಬರೆದಿದ್ದಿರಿ. ಯಾವ ಗಿಡದ ಮೇಲೆ ಸಿಕ್ಕಿತು ಅಂತ ಬರೆದಿರಲಿಲ್ಲ.

ದಯವಿಟ್ಟು ಆ ಫೋಟೊದ ಮೂಲೆಯನ್ನು ಇನ್ನೊಮ್ಮೆ ನೋಡಿ. ಹುಳ ಕೂತಿರುವ ರೆಂಬೆಯಲ್ಲಿ ಹೊಳೆಯುವ ಎರಡು ಎಲೆ ಇವೆ. ಒಂದು ಎಲೆಯ ಅಂಚನ್ನು ಹುಳ ಕಚ್ಚಿದೆ, ಕಚ್ಚಿದ ಜಾಗದಲ್ಲಿ ಬಿಳಿ ಹಾಲಿನ ಹನಿ ನಿಂತಿದೆ. ಅದರ ಹಿಂದೆ ಒಂದು ಬಿಳಿ ಹೂವು ಅರ್ಧ ಮಾತ್ರ ಕಾಣುತ್ತದೆ, ಎಸಳುಗಳು ಗಿರಿಗಿಟ್ಲೆಯ ಹಾಗೆ ಒಂದೇ ಕಡೆಗೆ ತಿರುಗಿವೆ. ಅದು ನಂದಿಬಟ್ಟಲು. ನಾವೆಲ್ಲ ಬೆಳಿಗ್ಗೆ ಎದ್ದು ದೇವರಿಗೆ ಕೊಯ್ಯುವ ಹೂವು. ಗಿಡ ನಂದಿಬಟ್ಟಲು ಅಂತ ತಿಳಿದ ಕೂಡಲೇ ಹುಳ ಯಾವುದು ಅಂತ ಮುಕ್ಕಾಲು ಪಾಲು ತಿಳಿದ ಹಾಗೆಯೇ. ಅದು ಓಲಿಯಾಂಡರ್ ಹಾಕ್ ಮಾತ್ ಅನ್ನುವ ಪತಂಗದ ಮರಿ. ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ ಈ ಮೂರೂ ಒಂದೇ ಕುಟುಂಬದ ಗಿಡಗಳು, ಮೂರರ ಸೊಪ್ಪನ್ನೂ ಇದು ತಿನ್ನುತ್ತದೆ. ನೀಲಿ ಕಣ್ಣು ಅಂತ ಕಂಡದ್ದು ಬರೀ ಚರ್ಮದ ಮೇಲಿನ ಮಚ್ಚೆ. ನಿಜವಾದ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳಾಗಿ ಇರುತ್ತವೆ, ಫೋಟೊದಲ್ಲಿ ಕಾಣುವುದೇ ಇಲ್ಲ. ಯಾರಾದರೂ ಮುಟ್ಟಿದರೆ ಇದು ತಲೆಯನ್ನು ಒಳಗೆ ಎಳೆದುಕೊಂಡು ಕತ್ತು ಉಬ್ಬಿಸುತ್ತದೆ, ಆಗ ಆ ಮಚ್ಚೆಗಳು ಅಗಲವಾಗಿ, ಏನೋ ದುರುಗುಟ್ಟಿ ನೋಡಿದ ಹಾಗೆ ಕಂಡು ಹಕ್ಕಿ ಹೆದರಬೇಕು, ಅಷ್ಟೇ ಅದರ ಉಪಾಯ. ಕೊಂಬು ಮೆತ್ತಗಿರುತ್ತದೆ. ಚುಚ್ಚುವುದಿಲ್ಲ, ವಿಷವೂ ಇಲ್ಲ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಸಣ್ಣ ನರ್ಸರಿ ನಡೆಸುತ್ತೇನೆ. ಆ ಫೋಟೊ ಬಂದ ಮಾರನೆಯ ದಿನವೇ ಮೂರು ಜನ ನನ್ನ ಹತ್ತಿರ ಬಂದರು. ಇಬ್ಬರು ನಂದಿಬಟ್ಟಲಿಗೆ ಹೊಡೆಯಲು ಔಷಧಿ ಕೇಳಿದರು. ಮೂರನೆಯವರು ವಯಸ್ಸಾದ ಹೆಂಗಸು. ‘ನಮ್ಮ ಮಗ ಗಿಡಾನೇ ಕಡಿದುಬಿಟ್ಟ ಕಣಮ್ಮ, ಮೊಮ್ಮಕ್ಕಳು ಆಡ್ತಾವಲ್ಲ ಅಂತ. ಇಪ್ಪತ್ತು ವರ್ಷದ ಗಿಡ. ಹೊಸ ಸಸಿ ಒಂದು ಕೊಡು’ ಅಂದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ, ಅದಕ್ಕೇ ಈ ಪತ್ರ. ನಿಮ್ಮ ಮೇಲೆ ಕೋಪ ಇಲ್ಲ. ವರದಿಗಾರರಿಗೆ ಸಿಕ್ಕಿದ್ದನ್ನು ಅವರು ಕಳಿಸಿದ್ದಾರೆ. ಆದರೆ ‘ನಂದಿಬಟ್ಟಲು ಗಿಡದಲ್ಲಿ’ ಅನ್ನುವ ಎರಡು ಪದ ಜಾಸ್ತಿ ಇದ್ದಿದ್ದರೆ ಓದಿದವರಲ್ಲಿ ಯಾರಾದರೂ ಒಬ್ಬರು ಹುಳ ಗುರುತಿಸಿ ಹೇಳುತ್ತಿದ್ದರು, ಆ ಗಿಡ ಉಳಿಯುತ್ತಿತ್ತು.

ಹುಳ ನೋಡಿದ ಕೂಡಲೇ ನಾವು ಬಣ್ಣ ನೋಡುತ್ತೇವೆ. ಹಸಿರು ಹುಳ, ಕಂದು ಹುಳ, ಕೂದಲಿನ ಹುಳ ಅಂತ. ಬಣ್ಣ ನಂಬುವ ಹಾಗಿಲ್ಲ. ಕಲಬುರಗಿ ಕಡೆಯ ರೈತರನ್ನು ಕೇಳಿ, ತೊಗರಿಯ ಕಾಯಿಕೊರಕ ಒಂದೇ ಹೊಲದಲ್ಲಿ ಹಸಿರಿರುತ್ತದೆ, ಕಂದು ಇರುತ್ತದೆ, ನಸುಗೆಂಪೂ ಇರುತ್ತದೆ. ನಂದಿಬಟ್ಟಲಿನ ಹುಳವೇ ಚಿಕ್ಕದಿದ್ದಾಗ ಉದ್ದನೆಯ ಕಪ್ಪು ಕೊಂಬಿನದು, ದೊಡ್ಡದಾದಾಗ ಕೊಂಬು ಗಿಡ್ಡವಾಗಿ ಹಳದಿಯಾಗುತ್ತದೆ, ಮಣ್ಣಿಗೆ ಇಳಿಯುವ ಮುಂಚೆ ಇಡೀ ಮೈ ಕಂದಾಗುತ್ತದೆ. ಮೂರು ಫೋಟೊ ತೋರಿಸಿದರೆ ಮೂರು ಬೇರೆ ಬೇರೆ ಹುಳ ಅಂತಲೇ ಹೇಳುತ್ತೀರಿ. ಮೂರು ಹೊತ್ತಿನಲ್ಲೂ ಬದಲಾಗದೆ ಇದ್ದದ್ದು ಅದು ತಿಂದ ಗಿಡ ಮಾತ್ರ.

ಇದು ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ತವರು ಚನ್ನಪಟ್ಟಣದ ಕಡೆ. ಮನೆ ತುಂಬ ರೇಷ್ಮೆ ಹುಳ ಸಾಕುತ್ತಿದ್ದೆವು. ತಟ್ಟೆಯಲ್ಲಿ ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ನಿಂತರೆ ಅಮ್ಮ ‘ಜ್ವರಕ್ಕೆ ಕೂತಿವೆ, ಸದ್ದು ಮಾಡಬೇಡಿ’ ಅನ್ನುತ್ತಿದ್ದರು. ಪೊರೆ ಕಳಚುವುದಕ್ಕೆ ರೇಷ್ಮೆ ಸೀಮೆಯಲ್ಲಿ ಜ್ವರ ಅಂತಲೇ ಹೇಳುವುದು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು ಜ್ವರ ದಾಟಿದ ಮೇಲೆ ಹುಳ ಹಣ್ಣಾಗುತ್ತದೆ, ಆಮೇಲೆ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುತ್ತೇವೆ. ಮೊಟ್ಟೆಯೊಡೆದು ಬಂದಾಗ ಇರುವೆಯಷ್ಟು ಕರ್ರಗಿದ್ದದ್ದು 25 ದಿನದ ಆಸುಪಾಸಿನಲ್ಲಿ ಬೆರಳುದ್ದದ ಬಿಳಿ ಹುಳ. ಇಷ್ಟೆಲ್ಲ ಬದಲಾದರೂ ಮೇವು ಮಾತ್ರ ಬದಲಾಗುವುದಿಲ್ಲ ಅಲ್ವಾ? ಹಿಪ್ಪುನೇರಳೆ ಸೊಪ್ಪು ತೀರಿಹೋಗಿದೆ ಅಂತ ಯಾರೂ ಮಾವಿನ ಸೊಪ್ಪು ಹಾಕುವುದಿಲ್ಲ. ರೇಷ್ಮೆ ಹುಳಕ್ಕೆ ಒಂದು ಸೊಪ್ಪು ಇದ್ದ ಹಾಗೆ ಕಾಡು, ಬೇಲಿ, ಹಿತ್ತಿಲಿನ ಎಷ್ಟೋ ಹುಳಗಳಿಗೂ ಅವುಗಳದೇ ಸೊಪ್ಪು ಇದೆ. ಅದನ್ನು ಆರಿಸುವುದು ತಾಯಿ. ಚಿಟ್ಟೆ ಗಿಡದಿಂದ ಗಿಡಕ್ಕೆ ಹಾರಿ ಹಾರಿ ಎಲೆಯನ್ನು ಮುಂಗಾಲಿನಿಂದ ತಟ್ಟುವುದನ್ನು ನೀವು ನೋಡಿರಬಹುದು. ಅದಕ್ಕೆ ರುಚಿ ಗೊತ್ತಾಗುವುದು ಕಾಲಿನಲ್ಲಿ. ಎಲೆಯ ರಸ ಸರಿ ಅನ್ನಿಸಿದರೆ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಅಂಟಿಸುತ್ತದೆ, ಇಲ್ಲದಿದ್ದರೆ ಮುಂದಿನ ಗಿಡ.

ನನ್ನ ನರ್ಸರಿಯಲ್ಲಿ ಜಾಸ್ತಿ ದೂರು ಬರುವುದು ಕರಿಬೇವಿನ ಸಸಿಯ ಬಗ್ಗೆ. ‘ಅಕ್ಕಾ, ನೀವು ಕೊಟ್ಟ ಗಿಡಕ್ಕೆ ಹುಳ ಬಿದ್ದಿದೆ’ ಅಂತ ಕವರಿನಲ್ಲಿ ಸುತ್ತಿಕೊಂಡು ವಾಪಸ್ ತಂದ ಒಬ್ಬ ಹುಡುಗನಿಗೆ ಆ ದಿನ ಮೇಜಿನ ಮೇಲೆ ಗಿಡ ಇಟ್ಟು ತೋರಿಸಿದೆ. ಮೊದಲ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು, ಕಂದು ಬಣ್ಣ, ನಡುವೆ ಸುಣ್ಣದಂಥ ಬಿಳಿ ಪಟ್ಟೆ, ಒದ್ದೆಯಾದ ಹಾಗೆ ಹೊಳಪು. ‘ಅದನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಪ್ಪ’ ಅಂದೆ. ಮುಟ್ಟಿದ. ಹಿಕ್ಕೆ ತಲೆ ಎತ್ತಿತು. ಅದೇ ಮರಿ ಹುಳ. ಎರಡು ಗೇಣು ಕೆಳಗೆ ಅದರ ಅಣ್ಣ ಇದ್ದ, ಪೂರ್ತಿ ಹಸಿರು, ಬೆನ್ನಿನ ಪಕ್ಕ ಓರೆಯಾಗಿ ಕಂದು ಪಟ್ಟೆ, ಎಳೆ ದಂಟಿಗೆ ಅಂಟಿಕೊಂಡು ದಂಟೇ ಆಗಿಹೋಗಿದ್ದ. ಅವನನ್ನು ಮುಟ್ಟಿದಾಗ ತಲೆಯ ಹಿಂದಿನ ಸೀಳಿನಿಂದ ಕೆಂಪು ಕವಲು ಕೊಂಬು ಹಾವಿನ ನಾಲಿಗೆಯ ಹಾಗೆ ಹೊರಗೆ ಬಂತು, ಜೊತೆಗೆ ಮೂಗಿಗೆ ಹೊಡೆಯುವ ಹುಳಿ ವಾಸನೆ. ಒಂದು ಕ್ಷಣ, ಮತ್ತೆ ಒಳಗೆ. ಹುಡುಗ ಹೆದರಲಿಲ್ಲ, ಇನ್ನೊಂದು ಸಲ ಮಾಡಿಸಬಹುದಾ ಅಂತ ಕೇಳಿದ. ಬೇಡ, ಸುಮ್ನೆ ಅದನ್ನು ಸುಸ್ತು ಮಾಡುವುದು ಯಾಕೆ ಅಂದೆ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಅವನಿಗೆ ಗಿಡ ವಾಪಸ್ ಕೊಟ್ಟು, ಜೊತೆಗೆ ಇನ್ನೊಂದು ಕರಿಬೇವಿನ ಸಸಿಯನ್ನೂ ಕೊಟ್ಟು ಕಳಿಸಿದೆ, ಒಂದು ಮನೆಗೆ ಒಂದು ಹುಳಕ್ಕೆ.

ನಿಂಬೆ ಗಿಡದಲ್ಲಿ ಇಂಥದ್ದೇ ಹುಳ ಕಂಡರೆ ಲೈಮ್ ಬಟರ್‌ಫ್ಲೈ ಆಗಿರಬಹುದು. ನಮ್ಮ ಮಲೆನಾಡಿನಲ್ಲಿ ಚಕ್ಕೋತ, ಕಾಡುನಿಂಬೆಯ ಮೇಲೆ ದೊಡ್ಡ ನೀಲಿ ಚಿಟ್ಟೆ ಬ್ಲೂ ಮಾರ್ಮನ್‌ನ ಮರಿಯೂ ಇರುತ್ತದೆ. ಮೂರೂ ಒಂದೇ ಮನೆತನ. ಚಿಕ್ಕದಿದ್ದಾಗ ಮೂರೂ ಹಿಕ್ಕೆಯ ವೇಷ. ಗಿಡ ನೋಡಿದರೆ ಮನೆತನದವರೆಗೆ ಖಂಡಿತ ಹೋಗಬಹುದು. ಆಮೇಲೆ ಪಟ್ಟೆ, ಮಚ್ಚೆ, ಗಾತ್ರ ನೋಡಿ ಒಂದನ್ನು ಆರಿಸಬೇಕು.

ಗಿಡ ಒಂದೇ ಸಾಕು ಅಂತ ನಾನು ಹೇಳುತ್ತಿಲ್ಲ. ಕಣಗಿಲೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಆಗಲೇ ಹೇಳಿದ ಕೊಂಬಿನ ಹುಳ ಇರಬಹುದು, ಕಾಮನ್ ಕ್ರೋ ಚಿಟ್ಟೆಯ ಹುಳವೂ ಇರಬಹುದು. ಕ್ರೋ ಹುಳಕ್ಕೆ ಬಾಲದಲ್ಲಿ ಕೊಂಬಿಲ್ಲ. ಬೆನ್ನಿನ ಮೇಲೆ ಮೆತ್ತನೆಯ ಕಪ್ಪು ದಾರದಂಥ ನಾಲ್ಕು ಜೊತೆ ಎಳೆ ಇರುತ್ತವೆ, ನಡೆಯುವಾಗ ಮುಂದಿನ ಜೊತೆ ಕುರುಡರ ಕೋಲಿನ ಹಾಗೆ ಆಡುತ್ತದೆ. ಅದು ಮೊದಲು ಎಲೆಯ ನರ ಕಚ್ಚಿ ಹಾಲು ಸೋರಿಹೋಗಲು ಬಿಟ್ಟು ಆಮೇಲೆ ತಿನ್ನುತ್ತದೆ. ಕಣಗಿಲೆ ಎಲೆಯ ಕೆಳಗೆ ಬೆಳ್ಳಿ ಜುಮುಕಿಯ ಹಾಗೆ ಥಳಥಳ ಹೊಳೆಯುವುದು ನೇತಾಡುತ್ತಿದ್ದರೆ ಇದರದೇ ಗೂಡು. ಇನ್ನು ರಸ್ತೆ ಪಕ್ಕದ ಎಕ್ಕದ ಗಿಡಕ್ಕೆ ಬನ್ನಿ. ಅಲ್ಲಿ ಬಿಳಿ, ಕಪ್ಪು, ಹಳದಿ ಬಳೆ ತೊಟ್ಟ ಹುಳ, ಬೆನ್ನಿನ ಮೇಲೆ ಮೂರು ಜೊತೆ ಎಳೆ. ಪ್ಲೇನ್ ಟೈಗರ್. ನಾಲ್ಕು ಜೊತೆಯೋ ಮೂರು ಜೊತೆಯೋ ಅಂತ ಎಣಿಸಿದರೆ ಆಯಿತು, ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಎಕ್ಕದ ಹಾಲಿನ ವಿಷ ಹುಳದ ಮೈಗೂ ಸೇರುತ್ತದೆ, ಅದಕ್ಕೇ ಅದು ಅಷ್ಟು ಬಣ್ಣ ಹಾಕಿಕೊಂಡು ಎಲೆಯ ಮೇಲೆ ರಾಜಾರೋಷವಾಗಿ ಕೂತಿರುತ್ತದೆ, ತಿಂದ ಹಕ್ಕಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಅದಕ್ಕೆ ತದ್ವಿರುದ್ಧ ಮಾವಿನ ಹುಳ. ಕಾಮನ್ ಬ್ಯಾರನ್ ಅಂತ ಹೆಸರು. ಕಸಿ ಮಾವಿನ ಸಸಿಯ ಎಲೆ ಯಾರೋ ತಿಂದಿದ್ದಾರೆ, ಹಿಕ್ಕೆಯೂ ಕೆಳಗೆ ಬಿದ್ದಿದೆ, ಹುಳ ಮಾತ್ರ ಎಲ್ಲೂ ಇಲ್ಲ. ಒಂದು ಸಂಜೆ ಅರ್ಧ ಗಂಟೆ ಒಂದೇ ಸಸಿಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಕೊನೆಗೆ ಒಂದು ಎಲೆಯ ನಡುನರ ಸ್ವಲ್ಪ ದಪ್ಪ ಅನ್ನಿಸಿತು. ಹುಳದ ಹಸಿರು ಬೆನ್ನಿನ ಉದ್ದಕ್ಕೂ ಒಂದು ಹಳದಿ ಗೆರೆ ಇರುತ್ತದೆ, ಆ ಗೆರೆಯನ್ನು ಸರಿಯಾಗಿ ಎಲೆಯ ನಡುನರದ ಮೇಲೆ ಕೂರಿಸಿಕೊಂಡು ಮಲಗಿತ್ತು. ಎರಡೂ ಪಕ್ಕದಲ್ಲಿ ಹಕ್ಕಿ ಪುಕ್ಕದಂಥ ಹಸಿರು ಮುಳ್ಳುಗಳನ್ನು ಎಲೆಗೆ ಒತ್ತಿ ಹರಡಿತ್ತು, ನೆರಳೇ ಬೀಳದ ಹಾಗೆ. ಅದನ್ನು ಎತ್ತಿ ಕರಿಬೇವಿನ ಎಲೆಯ ಮೇಲೆ ಇಟ್ಟರೆ ಎಲ್ಲರಿಗೂ ಎದ್ದು ಕಾಣುತ್ತದೆ. ಮಾವಿನ ಎಲೆಯ ಮೇಲೆ ಅದು ಇಲ್ಲವೇ ಇಲ್ಲ.

ಈಗ ಜನ ನಿಜವಾಗಿ ಹೆದರುವ ವಿಷಯ. ಕೂದಲು, ಮುಳ್ಳು. 2022ರ ಮಳೆಗಾಲದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಒಂದು ಸುದ್ದಿ ಓಡಾಡಿದ್ದು ನಿಮಗೆ ನೆನಪಿರಬಹುದು. ಹತ್ತಿ ಹೊಲದಲ್ಲಿ ಒಂದು ಹುಳ ಬಂದಿದೆ, ಕಚ್ಚಿದರೆ ಐದು ನಿಮಿಷದಲ್ಲಿ ಸಾವು ಅಂತ, ಜೊತೆಗೆ ಹೊಲದಲ್ಲಿ ಸತ್ತು ಬಿದ್ದವರ ಫೋಟೊ. ಮಹಾರಾಷ್ಟ್ರದಲ್ಲಿ ಜೋರಾಗಿ ಹಬ್ಬಿ ನಮ್ಮ ಕಡೆಗೂ ಬಂತು. ಆ ಫೋಟೊ ಸಿಡಿಲು ಬಡಿದು ಸತ್ತವರದು ಅಂತ ಆಮೇಲೆ ಗೊತ್ತಾಯಿತು. ಹುಳದ ಚಿತ್ರ ಮಾತ್ರ ನಿಜವಾದ ಒಂದು ಹುಳದ್ದೇ, ಸ್ಲಗ್ ಕ್ಯಾಟರ್‌ಪಿಲ್ಲರ್ ಅನ್ನುವ ಜಾತಿ. ಅದರ ಮುಳ್ಳು ತಾಗಿದರೆ ಜೇನು ಕಚ್ಚಿದ ಹಾಗೆ ಉರಿಯುತ್ತದೆ, ಐದು ನಿಮಿಷದಲ್ಲಿ ಸಾಯುವ ಮಾತು ಸುಳ್ಳು. ಆದರೆ ಆ ವಾರ ನಮ್ಮೂರಿನಲ್ಲಿ ಕೂದಲು ಮುಳ್ಳು ಇದ್ದ ಹುಳವನ್ನೆಲ್ಲ ಸೀಮೆಎಣ್ಣೆ ಹಾಕಿ ಸುಟ್ಟರು.

ಈ ಚುಚ್ಚುವ ಜಾತಿಯನ್ನು ಗುರುತಿಸುವುದು ಕಷ್ಟವಿಲ್ಲ. ಅದಕ್ಕೆ ಕಾಲು ಇದ್ದ ಹಾಗೆಯೇ ಕಾಣುವುದಿಲ್ಲ, ಸಿಂಬಳದ ಹುಳದ ಹಾಗೆ ಜಾರುತ್ತದೆ. ಮೈ ಗಿಡ್ಡ, ಚಪ್ಪಟೆ, ತಿಳಿಹಸಿರು, ಕೆಲವಕ್ಕೆ ಬೆನ್ನಿನ ಮೇಲೆ ಚಂದದ ನೀಲಿ ಪಟ್ಟೆ, ಗೊಂಚಲು ಗೊಂಚಲಾಗಿ ಮುಳ್ಳು. ಇದು ಒಂದೇ ಗಿಡಕ್ಕೆ ಅಂಟಿಕೊಂಡಿಲ್ಲ, ತೆಂಗು, ಮಾವು, ಔಡಲ ಎಲ್ಲದರಲ್ಲೂ ಸಿಗುತ್ತದೆ, ಹಾಗಾಗಿ ಇಲ್ಲಿ ಗಿಡಕ್ಕಿಂತ ರೂಪವೇ ಮುಖ್ಯ. ಎಲೆ ಕೊಯ್ಯುವಾಗ ಎಲೆಯ ಅಡಿ ನೋಡಿ ಕೈ ಹಾಕಿ. ನುಗ್ಗೆ ಮರದ ಬೊಡ್ಡೆಯಲ್ಲಿ ಹಗಲು ಹೊತ್ತು ರಾಶಿ ರಾಶಿಯಾಗಿ ಕೂರುವ ಕಂಬಳಿ ಹುಳ ಎಲ್ಲರಿಗೂ ಗೊತ್ತು, ಅದರ ಕೂದಲು ತಾಗಿದರೂ ದದ್ದು ಏಳುತ್ತದೆ. ತಾಗಿದರೆ ಉಜ್ಜಬೇಡಿ, ಉಜ್ಜಿದರೆ ಕೂದಲು ಇನ್ನೂ ಒಳಗೆ ಹೋಗುತ್ತದೆ. ಅಂಟು ಟೇಪ್ ಅಂಟಿಸಿ ಎಳೆದು, ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ತಾಗಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಮುಳ್ಳು ಇರುವುದೆಲ್ಲ ಚುಚ್ಚುವುದಿಲ್ಲ ಅನ್ನುವುದನ್ನು ಇದರ ಜೊತೆಗೇ ಹೇಳಬೇಕು. ಬೇಲಿಯ ಮೇಲೆ ಹಬ್ಬುವ, ಕಾಯಿಗೆ ಹಸಿರು ಬಲೆ ಸುತ್ತಿಕೊಂಡ ಹಾಗಿರುವ ಕುಕ್ಕಿ ಬಳ್ಳಿಯಲ್ಲಿ ಕೆಂಗಂದು ಬಣ್ಣದ, ಮೈ ತುಂಬ ಕವಲು ಮುಳ್ಳಿನ ಹುಳಗಳು ಕಾಣುತ್ತವೆ. ನೋಡಿದರೆ ಮೈ ಜುಮ್ ಅನ್ನುತ್ತದೆ. ಅವು ಟಾನಿ ಕೋಸ್ಟರ್ ಚಿಟ್ಟೆಯ ಮರಿಗಳು, ಮುಳ್ಳು ಬರೀ ನೋಟಕ್ಕೆ. ಮರದ ಮೇಲಿನ ಬದನಿಕೆಯಲ್ಲಿ ಗುಂಪಾಗಿ ತಿನ್ನುವ, ಬಿಳಿ ಕೂದಲಿನ ಹುಳಗಳು ಕಾಮನ್ ಜೆಜೆಬೆಲ್ ಚಿಟ್ಟೆಯವು. ಮರದ ರಸ ಹೀರುವ ಬದನಿಕೆಯನ್ನು ಅವು ತಿನ್ನುತ್ತಿವೆ, ಮರವನ್ನಲ್ಲ. ಅವಕ್ಕೂ ಔಷಧಿ ಹೊಡೆಯುವವರನ್ನು ಕಂಡಿದ್ದೇನೆ.

ಹುಳ ಗುರುತಿಸುವುದು ಉಳಿಸಲಿಕ್ಕೆ ಮಾತ್ರ ಅಂತ ಯಾರೂ ಅಂದುಕೊಳ್ಳಬಾರದು. ಸಾಯಿಸಬೇಕಾದ ಹುಳವನ್ನೂ ಗುರುತಿಸಲೇಬೇಕು. ಅಮೆರಿಕ ಖಂಡದ ಸೈನಿಕ ಹುಳು, ಫಾಲ್ ಆರ್ಮಿವರ್ಮ್, ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಜಿಲ್ಲೆಯ ಮೆಕ್ಕೆಜೋಳದಲ್ಲೇ, 2018ರ ಮೇ ತಿಂಗಳಿನಲ್ಲಿ. ಶಿವಮೊಗ್ಗದ ಕೃಷಿ ಕಾಲೇಜಿನವರು ಅದನ್ನು ಗುರುತಿಸಿದರು. ಹೇಗೆ? ಮುಖದ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಹಿಂಭಾಗದಲ್ಲಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಈಗ ನಮ್ಮ ಕಡೆಯ ರೈತರು ಸುಳಿಯಲ್ಲಿ ಕೈ ಹಾಕಿ ಹುಳ ತೆಗೆದು ಆ ನಾಲ್ಕು ಚುಕ್ಕೆ ನೋಡಿಯೇ ಹೇಳುತ್ತಾರೆ. ಓದು ಬರಹ ಜಾಸ್ತಿ ಇಲ್ಲದವರೂ ಹೇಳುತ್ತಾರೆ. ಒಂದು ಹುಳದ ಗುರುತು ಊರಿಗೆಲ್ಲ ಗೊತ್ತಾಗಲು ಸಾಧ್ಯ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ನಮ್ಮ ಭಾಷೆಯಲ್ಲಿ ಹುಳಗಳಿಗೆ ಇಟ್ಟ ಹೆಸರುಗಳನ್ನೇ ನೋಡಿ. ಕಾಯಿಕೊರಕ, ಕಾಂಡಕೊರಕ, ತೆಂಗಿನ ಕಪ್ಪುತಲೆ ಹುಳು, ಔಡಲದ ಕೊಂಡಿ ಹುಳು, ಕಡಲೆಕಾಯಿಯ ಕೆಂಪು ಕಂಬಳಿ ಹುಳು. ಒಂದರಲ್ಲಿ ಅದು ತಿನ್ನುವುದು ಏನು ಅಂತ ಇದೆ, ಇನ್ನೊಂದರಲ್ಲಿ ಅದು ಹೇಗೆ ಕಾಣುತ್ತದೆ ಅಂತ ಇದೆ. ಅಂದರೆ ಗಿಡ, ರೂಪ ಎರಡನ್ನೂ ಸೇರಿಸಿ ಗುರುತಿಸುವುದು ರೈತರಿಗೆ ಮೊದಲಿನಿಂದ ಗೊತ್ತಿದ್ದ ವಿದ್ಯೆ. ಬೆಳೆ ತಿನ್ನುವವಕ್ಕೆ ಮಾತ್ರ ಹೆಸರು ಸಿಕ್ಕಿದೆ. ಬೇಲಿಯಲ್ಲಿ, ಕಾಡಿನಲ್ಲಿ ಯಾರ ತಂಟೆಗೂ ಹೋಗದೆ ಇರುವವಕ್ಕೆ ಹೆಸರಿಲ್ಲ, ನಾನೂ ಈ ಪತ್ರದಲ್ಲಿ ಇಂಗ್ಲಿಷ್ ಹೆಸರನ್ನೇ ಬರೆಯಬೇಕಾಗಿ ಬಂತು. ಹೆಸರಿಲ್ಲದ್ದು ಕಂಡರೆ ‘ವಿಚಿತ್ರ ಹುಳು’ ಆಗುತ್ತದೆ, ವಿಚಿತ್ರ ಅಂದಮೇಲೆ ಪೊರಕೆ ಕೈಗೆ ಬರುತ್ತದೆ.

ಕರ್ನಾಟಕದ ರಾಜ್ಯ ಚಿಟ್ಟೆ ಯಾವುದು ಅಂದರೆ ಶಾಲೆಯ ಮಕ್ಕಳು ಸದರ್ನ್ ಬರ್ಡ್‌ವಿಂಗ್ ಅಂತ ಥಟ್ಟನೆ ಹೇಳುತ್ತಾರೆ. ಕಪ್ಪು, ಹಳದಿ ರೆಕ್ಕೆಯ ಆ ದೊಡ್ಡ ಚಿಟ್ಟೆಯ ಫೋಟೊ ನಿಮ್ಮಲ್ಲೂ ಬಂದಿದೆ. ಅದರ ಹುಳ ಹೇಗಿರುತ್ತದೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೆಂಗಪ್ಪು ಮೈ, ಅದರ ತುಂಬ ಮೆತ್ತನೆಯ ಮಾಂಸದ ಮುಳ್ಳು, ಬೆನ್ನಿಗೆ ಓರೆಯಾಗಿ ಒಂದು ತೆಳು ಬಣ್ಣದ ಪಟ್ಟೆ. ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ಕುಟುಂಬದ ಗಿಡಗಳನ್ನು ಮಾತ್ರ. ಅದೇ ಬಳ್ಳಿಯಲ್ಲಿ ಇನ್ನೆರಡು ನೆಂಟರೂ ಇರುತ್ತಾರೆ, ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್. ಕಾಮನ್ ರೋಸ್ ಹುಳದ ನಡುವಿಗೆ ಬಿಳಿ ಪಟ್ಟಿ ಕಟ್ಟಿದ ಹಾಗಿರುತ್ತದೆ, ಕ್ರಿಮ್ಸನ್‌ಗೆ ಆ ಪಟ್ಟಿ ಇಲ್ಲ. ಬೇಲಿ ಸವರುವಾಗ ಆ ಬಳ್ಳಿ ಹೋಯಿತು ಅಂದರೆ ಮೂರೂ ಹೋದವು. ನನ್ನಲ್ಲಿ ಈಶ್ವರಿ ಬಳ್ಳಿಯ ಸಸಿ ಕೇಳಿ ಬರುವವರು ವರ್ಷಕ್ಕೆ ನಾಲ್ಕೋ ಐದೋ ಜನ. ರಾಜ್ಯ ಚಿಟ್ಟೆಯ ಬಗ್ಗೆ ಹೆಮ್ಮೆ ಇದ್ದರೆ ಅದರ ಹುಳದ ಫೋಟೊವನ್ನು, ಬಳ್ಳಿಯ ಫೋಟೊದ ಜೊತೆಗೇ, ಒಂದು ದಿನ ಮುಖಪುಟದಲ್ಲಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು ಕೋರಿಕೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಳಗಳ ಕಾಲ. ಆಗ ವಾರಕ್ಕೊಮ್ಮೆ ಅಂಗೈಯಗಲದ ಜಾಗ ಕೊಡಿ. ಓದುಗರು ಹುಳದ ಫೋಟೊ ಕಳಿಸಲಿ, ಗುರುತಿಸಿ ಹೇಳುವವರು ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋದಲ್ಲಿ ಇದ್ದಾರೆ. ಆದರೆ ಕಳಿಸುವವರಿಗೆ ಒಂದು ಷರತ್ತು ಹಾಕಿ. ಹುಳ ಒಂದನ್ನೇ ಬಿಳಿ ಕಾಗದದ ಮೇಲೆ ಇಟ್ಟು ತೆಗೆದ ಫೋಟೊ ಬೇಡ. ಇದ್ದಲ್ಲೇ, ಅದು ತಿನ್ನುತ್ತಿರುವ ಎಲೆಯ ಸಮೇತ ತೆಗೆಯಬೇಕು. ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ್ದು ಒಂದು, ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಟ್ಟರೆ ಅಳತೆಯೂ ಗೊತ್ತಾಗುತ್ತದೆ. ಪಕ್ಕದಿಂದ ಯಾಕೆ ಅಂದರೆ ಕಾಲು ಎಣಿಸಬೇಕು. ಎದೆಯ ಹತ್ತಿರ ಮೂರು ಜೊತೆ ಚೂಪು ಕಾಲು ಎಲ್ಲಕ್ಕೂ ಇರುತ್ತವೆ. ಹಿಂದಿನ ದಪ್ಪ ಮೆತ್ತನೆ ಕಾಲುಗಳು ಚಿಟ್ಟೆ, ಪತಂಗಗಳ ಹುಳದಲ್ಲಿ ಹೆಚ್ಚೆಂದರೆ ಐದು ಜೊತೆ, ಕೊಂಡಿ ಹುಳಗಳಲ್ಲಿ ಇನ್ನೂ ಕಡಿಮೆ, ಅದಕ್ಕೇ ಅವು ಬೆನ್ನು ಕಮಾನು ಮಾಡಿ ನಡೆಯುತ್ತವೆ. ಐದಕ್ಕಿಂತ ಜಾಸ್ತಿ ಇದ್ದರೆ ಅದು ಚಿಟ್ಟೆಯೂ ಆಗುವುದಿಲ್ಲ, ಪತಂಗವೂ ಆಗುವುದಿಲ್ಲ, ಕಣಜದ ದೂರದ ಸಂಬಂಧಿ ಗರಗಸ ನೊಣದ ಮರಿ.

ಗಿಡದ ಹೆಸರು ಗೊತ್ತಿಲ್ಲದಿದ್ದರೆ ಹೂವಿನದೋ ಕಾಯಿಯದೋ ಫೋಟೊ ಸಾಕು. ಹುಳ ಗೋಡೆಯ ಮೇಲೋ ರಸ್ತೆಯ ಮೇಲೋ ಸಿಕ್ಕಿದರೆ ಅದು ತಿನ್ನುವುದು ಮುಗಿಸಿ ಗೂಡು ಕಟ್ಟಲು ಜಾಗ ಹುಡುಕುತ್ತಿದೆ ಅಂತ ತಿಳಿದು, ಸುತ್ತ ಹತ್ತು ಹದಿನೈದು ಅಡಿಯಲ್ಲಿ ಯಾವ ಯಾವ ಗಿಡ ಇದೆ, ಯಾವುದರ ಎಲೆ ಹೊಸದಾಗಿ ಕಡಿದಿದೆ, ಯಾವುದರ ಕೆಳಗೆ ಹಿಕ್ಕೆ ಬಿದ್ದಿದೆ ಅಂತ ನೋಡಿ ಬರೆಯಲಿ. ಮೊಬೈಲ್ ಆ್ಯಪ್‌ಗಳೂ ಈಗ ಹೆಸರು ಹೇಳುತ್ತವೆ, ನಾನೂ ಬಳಸುತ್ತೇನೆ, ಆದರೆ ಅವು ಹೇಳಿದ ಹುಳ ಆ ಗಿಡವನ್ನು ತಿನ್ನುತ್ತದೋ ಇಲ್ಲವೋ ಅಂತ ಒಮ್ಮೆ ತಾಳೆ ನೋಡದೆ ನಾನು ನಂಬುವುದಿಲ್ಲ.

ಮತ್ತೆ, ಹುಳದ ಮೈ ಮೇಲೆ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಅಂಟಿಕೊಂಡಿದ್ದರೆ ‘ಮೊಟ್ಟೆ ಇಟ್ಟಿದೆ, ಇನ್ನೂ ನೂರು ಆಗುತ್ತವೆ’ ಅಂತ ಜನ ಹೊಸಕಿಹಾಕುತ್ತಾರೆ. ಹುಳ ಮೊಟ್ಟೆ ಇಡುವುದಿಲ್ಲ. ಅವು ಹುಳವನ್ನು ಒಳಗಿಂದ ತಿಂದು ಹೊರಬಂದ ಪುಟಾಣಿ ಕಣಜಗಳ ಗೂಡು. ಆ ಕಣಜಗಳು ನಿಮ್ಮ ತೋಟದ ಮುಂದಿನ ಹುಳಗಳನ್ನು ತಾವೇ ನೋಡಿಕೊಳ್ಳುತ್ತವೆ, ಅವನ್ನು ಹಾಗೇ ಬಿಡಿ. ದಾಸವಾಳದ ಹಿಟ್ಟು ತಿಗಣೆಯ ರಾಶಿಯ ನಡುವೆ ಅದೇ ಬಿಳಿ ಪುಡಿ ಮೆತ್ತಿಕೊಂಡು ಕೂತ ಗಿಡ್ಡ ಹುಳ ಕಂಡರೆ ಅದನ್ನೂ ಬಿಡಿ. ಅದು ಏಪ್‌ಫ್ಲೈ ಚಿಟ್ಟೆಯ ಮರಿ, ಎಲೆ ಮುಟ್ಟುವುದಿಲ್ಲ, ತಿಗಣೆಯನ್ನೇ ತಿನ್ನುತ್ತದೆ. ಔಷಧಿ ಹೊಡೆದರೆ ಕಳ್ಳನ ಜೊತೆ ಪೊಲೀಸರೂ ಸತ್ತ ಹಾಗೆ.

ಆ ನಂದಿಬಟ್ಟಲಿನ ಹುಳದ ಫೋಟೊ ಕಳಿಸಿದವರು ಅದನ್ನು ಬಾಟಲಿಯಲ್ಲಿ ಇಟ್ಟುಕೊಂಡಿದ್ದರೆ ದಯವಿಟ್ಟು ನಿಮ್ಮ ವರದಿಗಾರರ ಮೂಲಕ ತಿಳಿಸಿ. ಗಿಡದ ಬುಡದಲ್ಲಿ, ತರಗೆಲೆ ಇರುವ ಸಡಿಲ ಮಣ್ಣಿನ ಮೇಲೆ ಬಿಟ್ಟರೆ ಅದೇ ಇಳಿದುಕೊಳ್ಳುತ್ತದೆ. ನಮ್ಮ ಗೇಟಿನ ಪಕ್ಕದ ನಂದಿಬಟ್ಟಲಿನಲ್ಲೂ ಈಗ ಎರಡು ಇದ್ದವು. ಸೋಮವಾರ ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದು ತರಗೆಲೆಯ ಅಡಿ ಸೇರಿವೆ. ಸುತ್ತ ನಾಲ್ಕು ಕಲ್ಲಿಟ್ಟು, ಯಾರೂ ಕಾಲಿಡದ ಹಾಗೆ ಮಾಡಿದ್ದೇನೆ. ಇನ್ನು ಎರಡು ವಾರದ ಆಸುಪಾಸಿನಲ್ಲಿ ಹಸಿರು, ಗುಲಾಬಿ ಬಣ್ಣದ ಪತಂಗ ಹೊರಗೆ ಬರಬೇಕು. ಬಂದ ದಿನ ಫೋಟೊ ಕಳಿಸುತ್ತೇನೆ, ಹುಳದ ಫೋಟೊ, ಕಚ್ಚಿದ ಎಲೆಯ ಫೋಟೊ ಎರಡನ್ನೂ ಜೊತೆಗಿಟ್ಟು. ಹಾಕುವುದಾದರೆ ಮೂರನ್ನೂ ಅಕ್ಕಪಕ್ಕ ಹಾಕಿ, ಕೆಳಗೆ ನಂದಿಬಟ್ಟಲು ಅಂತ ಬರೆಯಿರಿ.

ಇಂತಿ,
ನರ್ಸರಿ ನಡೆಸುವ ನಿಮ್ಮ ಓದುಗಳು,
ಶಿವಮೊಗ್ಗ ಜಿಲ್ಲೆ